ಏಳನೆಯ ದಿನ

ಉದ್ಯಮಬಾಗದ ಫೌಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ
ಅಚ್ಚಿನ ಉಸುಕು ಜರಡಿ ಹಿಡಿದ
ಪುಂಡಲೀಕ ಕಂಗ್ರಾಳಕರರ ಎದೆ ತೊಳೆದ ನೀರು
ಹನ್ನೊಂದೂವರೆಗೆ ನನ್ನ ಮೇಜಿಗೆ ಬಂತು,
ಐಸ್ ಡಬ್ಬಿಯಲ್ಲಿ. ನೊರೆ ಇನ್ನೂ ಆರಿರಲಿಲ್ಲ.

ಸೋಸಿದೆ, ಗರಗರ ತಿರುಗಿಸಿದೆ, ಎಣಿಸಿದೆ.
ಭಕ್ಷಕ ಕೋಶಗಳು. ದುಂಡಗೆ, ಮೈತುಂಬ,
ಒಂದೊಂದರ ಒಳಗೂ ಕರಿ ಚುಕ್ಕೆ.
ಹೊಟ್ಟೆಗೆ ಹಾಕಿಕೊಳ್ಳುವುದು ಎನ್ನುತ್ತಾರಲ್ಲ,
ಕಣ್ಣಾರೆ ಕಂಡದ್ದು ಅವತ್ತೇ.

ತಟ್ಟೆಗೆ ಬಿಟ್ಟೆ. ಗುಲಾಬಿ ಬಣ್ಣದ ದ್ರವ,
ಹತ್ತರಲ್ಲೊಂದು ಪಾಲು ಹುಟ್ಟದ ಕರುವಿನ ರಕ್ತದ ತಿಳಿ,
ಮೂವತ್ತೇಳು ಡಿಗ್ರಿ, ಒಂದು ಗೆರೆ ಆಚೀಚೆ ಇಲ್ಲ.
ಬೀಗರನ್ನು ಉಪಚರಿಸಿದ ಹಾಗೆ
ಏನೂ ಕಡಿಮೆ ಮಾಡಿಲ್ಲ ಅಂದುಕೊಂಡೆ.

ಮೊದಲ ರಾತ್ರಿಯೇ ತಳಕ್ಕೆ ಅಂಟಿಕೊಂಡವು.
ಎದೆಯಲ್ಲಿ ನೆಲವೆಂದರೆ
ಉಬ್ಬುವುದು, ಇಳಿಯುವುದು, ಮತ್ತೆ ಉಬ್ಬುವುದು.
ಪ್ಲಾಸ್ಟಿಕ್ಕಿಗೆ ಉಸಿರಿಲ್ಲ.

ಮೂರನೆಯ ದಿನ ಕಾಲು ಚಾಚಿದವು.
ಕೆಲವು ಎಷ್ಟು ಉದ್ದವೆಂದರೆ
ವಡಗಾಂವಿಯ ನಮ್ಮಪ್ಪನ ಮಗ್ಗದ ಲಾಳಿ,
ಎರಡೂ ತುದಿ ಚೂಪು, ನಡುವೆ ದಪ್ಪ,
ಆದರೆ ಹಾಸೂ ಇಲ್ಲ, ಹೊಕ್ಕೂ ಇಲ್ಲ.

ಐದನೆಯ ದಿನ ಬಣ್ಣ ಹಚ್ಚಿ ನೋಡಿದರೆ
ಮೈಮೇಲಿನ ಗುರುತುಗಳು ಮಾಸಿವೆ.
ನೀನು ಇಂಥಲ್ಲಿಯವನು, ಇದು ನಿನ್ನ ಕೆಲಸ ಎಂದು
ಪುಪ್ಪುಸದ ಗೋಡೆ ಗಳಿಗೆ ಗಳಿಗೆಗೂ ಹೇಳುತ್ತಿತ್ತಂತೆ.
ನನ್ನ ಬಾಟಲಿಯಲ್ಲಿ ಸಕ್ಕರೆ ಇದೆ, ಉಪ್ಪಿದೆ,
ಆ ಮಾತಿಲ್ಲ.

ಸಬನೀಸ ಮೇಡಂ ಕಣ್ಣು ತೆಗೆಯದೆ ಅಂದರು:
‘ನೀ ನೋಡಾಕತ್ತಿದ್ದು ಅವರ ಎದಿ ಅಲ್ಲ ತಂಗಿ,
ನಿನ್ನ ತಾಟು.’

ವಹಿ ತೆಗೆದೆ. ‘ಕಂಗ್ರಾಳಕರರ ಕೋಶ’ ಎಂದಿತ್ತು.
ಹೊಡೆದುಹಾಕಿ
‘ಕಂಗ್ರಾಳಕರರಿಂದ ಬಂದ ಕೋಶ’ ಎಂದು ಬರೆದೆ.
ಒಂದು ವಿಭಕ್ತಿ ಬದಲಾಯಿತು, ಅಷ್ಟೇ.
ಶಾಲೆಯಲ್ಲಿ ಅರ್ಧ ಅಂಕಕ್ಕೆ ಕೇಳುತ್ತಿದ್ದ ಪ್ರಶ್ನೆ.

ಏಳನೆಯ ದಿನ ಅವರೇ ಬಂದರು,
ರಿಪೋರ್ಟಿನ ಚೀಟಿ ಹಿಡಿದು, ತಪ್ಪು ಬಾಗಿಲಿಗೆ.
‘ನಮ್ಮವು ಇಲ್ಲೇ ಅದಾವ ಅಂತಲ್ರಿ?’
ಇಲ್ಲ ಅನ್ನಲು ನಿಯಮವಿತ್ತು, ಬಾಯಿ ಬರಲಿಲ್ಲ.
ಸ್ಟೂಲು ಎಳೆದು ಕೂಡಿಸಿದೆ,
ಕನ್ನಡಕ ತೆಗೆಸಿ, ಫೋಕಸ್ಸಿನ ತಿರುಪು ಬೆರಳಿಗೆ ಕೊಟ್ಟೆ.
ಜರಡಿ ಹಿಡಿದ ಕೈ, ಮೆಲ್ಲಗೆ ತಿರುವಿತು.

ಎಷ್ಟೋ ಹೊತ್ತು ಏನೂ ಅನ್ನಲಿಲ್ಲ.
ಗಿಂಡಿಯಂತೆ, ಲಾಳಿಯಂತೆ, ಹರಿದ ಎಲೆಯಂತೆ
ಯಾರ ಹಾಗೂ ಇಲ್ಲದ ಅವು ಅಲ್ಲಿ ಹರಡಿ ಬಿದ್ದಿದ್ದವು,
ಒಳಗೆ ಕರಿ ಚುಕ್ಕೆ
ಮೊದಲ ದಿನ ಇದ್ದಷ್ಟೇ ಕರಿ.

‘ಉಸುಕು ನಮ್ಮದ ಐತ್ರಿ,’ ಅಂದರು.
‘ಉಳಕಿದ್ದು ಗುರ್ತು ಸಿಗವಲ್ದು.’

ಎದ್ದರು. ಕೆಮ್ಮು ಬಂತು.
ತಟ್ಟೆಯ ಕಡೆ ಹಾರಬಾರದೆಂದು
ಮುಖ ಆಚೆ ತಿರುಗಿಸಿ,
ಹೆಗಲ ಮೇಲಿನ ಟವೆಲ್ಲಿನಲ್ಲಿ ಕೆಮ್ಮಿಕೊಂಡರು.