ಬಿಸಿ ಬಟ್ಟಲು

ನೆರೀನಾ ಕೇಳುವುದಿಲ್ಲ, ಊಹಿಸುತ್ತಾಳೆ.
ಬಾಗಿಲಲ್ಲಿ ಹೆಜ್ಜೆ ಸಪ್ಪಳವಾದರೆ ಸಾಕು,
ಬಂದರಿನ ಕ್ರೇನ್ ಚಾಲಕನಿಗೆ ಕಡುಕಾಫಿ, ನೋಟರಿಗೆ ಹಾಲುನೊರೆ
ಕೌಂಟರಿನ ಮೇಲೆ ಆಗಲೇ ಹಬೆಯಾಡುತ್ತಿರುತ್ತದೆ.
ಊಹೆ ತಪ್ಪಿತೋ, ಸಿಂಕಿಗೆ ಸುರಿದು
ಏನೂ ನಡೆದೇ ಇಲ್ಲವೆಂಬಂತೆ ಕೈ ಒರೆಸಿಕೊಳ್ಳುತ್ತಾಳೆ.

ತ್ರಿಯೆಸ್ತೆಯ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ನಾನು ಕಾಯುವ ಹೊಸ ಪ್ರೊಸೆಸರುಗಳೂ ಹೀಗೇ:
ಕೇಳುವ ಮೊದಲೇ ಓಡಿ ತಂದಿಡುವ ಉಮೇದು,
ಬೇಡವೆಂದರೆ ಅಳಿಸಿಬಿಡುವ ಮರ್ಯಾದೆ.
ಅದನ್ನೇ ವೇಗ ಅಂತ ಮಾರಿದರು, ನಾವು ಕೊಂಡೆವು.

ಬೋರಾ ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ
ಸಿಂಕಿನ ಪಕ್ಕ ಯೆಲ್ಕಾಳ ನೀಲಿ ಬಟ್ಟಲಿಗೆ ಬೆರಳು ತಾಕಿತು.
ಬಿಸಿ.
ತಳದಲ್ಲಿ ಶುಂಠಿಯ ವಾಸನೆ.
ಹತ್ತು ವರ್ಷ ಕಡುಕಾಫಿ ಬಿಟ್ಟು ಬೇರೆ ಮುಟ್ಟದವಳು
ಅಂದು ಬರಲೂ ಇಲ್ಲ.
ಯಾರೂ ಬಾಯಿ ಬಿಡಲಿಲ್ಲ, ಬೀಗ ಮುರಿಯಲಿಲ್ಲ;
ಅವಳು ಬಸುರಿಯೆಂದು ಅವಳ ಗಂಡನಿಗಿಂತ ಮೊದಲು
ನನ್ನ ತೋರುಬೆರಳಿಗೆ ಗೊತ್ತಾಯಿತು.

ಅಂದೇ ರಾತ್ರಿ ಯಂತ್ರಗಳಿಗೆ ತೇಪೆ ಹಾಕಿದೆ:
ಊಹಿಸಬೇಡಿ. ಕೇಳಿದ ಮೇಲೆ ತನ್ನಿ.
ಮೂರನೇ ಮಹಡಿಯಿಂದ ನರ್ಸ್ ಫುಲ್ವಿಯಾಳ ಫೋನು:
"ರಕ್ತದ ರಿಪೋರ್ಟು ಇನ್ನೂ ತಿರುಗುತ್ತಲೇ ಇದೆಯಲ್ಲ,
ಹೊಸ ಮಷೀನು ಅಂದಿರಿ?"
ಹೊಸದೇ, ಅಂದೆ. ತಪ್ಪು ಸಿಲಿಕಾನಿನಲ್ಲೇ ಕೆತ್ತಿದೆ,
ಈ ತೇಪೆ ಕಾಲಿಗೆ ಕಟ್ಟಿದ ಕಲ್ಲು.

ನೆರೀನಾಗೂ ಹೇಳಿಬಿಟ್ಟೆ, ತಡೆಯಲಾರದೆ.
ಮರುದಿನ ಸಾಲು ಬಾಗಿಲು ದಾಟಿ ಗಾಳಿಗೆ ನಿಂತಿತ್ತು.
ನನ್ನ ಸರದಿ. ಲೋಟಕ್ಕೆ ಚಾಚಿದ ಕೈ ಹಿಂದೆಗೆದು
"ಏನು ಬೇಕು?" ಅಂದಳು, ಅಪರಿಚಿತನಿಗೆಂಬಂತೆ.

ಹದಿನಾಲ್ಕು ವರ್ಷ ಕುಡಿದದ್ದರ ಹೆಸರು
ನನಗೆ ಗೊತ್ತಿರಲಿಲ್ಲ.