ಹೊಲಿಗೆ ಇಲ್ಲದ್ದು

ಕಲಾಸಿಪಾಳ್ಯದ ಟಾರ್ಪಾಲು ಅಂಗಡಿಯಲ್ಲಿ
ಐದು ಮೀಟರ್ ಕ್ಯಾನ್ವಾಸು ಅಳೆಯುತ್ತ ಜಬ್ಬಾರ್
ಲಾರಿಗಾ ಮೇಡಂ? ಅಂದ.
ಅಲ್ಲ, ನಿದ್ದೆಗೆ.

ರಾತ್ರಿಪಾಳಿ ಮುಗಿಸಿ ಬಂದವಳಿಗೆ
ಬೆಳಗಿನ ಒಂಬತ್ತಕ್ಕೆ ಕತ್ತಲು ಬೇಕು;
ಮಾಗಡಿ ರಸ್ತೆಯ ಕಿಟಕಿಗೆ ಅದು ತಿಳಿಯದು.
ಗೋಡೆಗೆ ಮೊಳೆ ಹೊಡೀಬೇಡ ಅಂದಿದ್ದಾರೆ ಪುಟ್ಟನರಸಮ್ಮ.
ಟೈಲರು ಕೇಳಿದ ಕೂಲಿಗೆ
ಇನ್ನೊಂದು ಪರದೆಯೇ ಬರುತ್ತೆ.

ಸರಿ, ನೆಲಕ್ಕೆ ಹಾಸಿ
ಅಂಚು ಎರಡು ಬೆರಳು ಮಡಿಚಿ
ಒಳಗೆ ಅಂಟುಪಟ್ಟಿ ಇಟ್ಟು
ಒದ್ದೆ ಬಟ್ಟೆ ಹೊದಿಸಿ ಇಸ್ತ್ರಿ ಒತ್ತಿದೆ.
ಚುಸ್ ಅಂತು. ಹಸಿ ಗೋಣಿಯ ವಾಸನೆ.
ಹತ್ತು ಎಣಿಸಿ ಎತ್ತು, ಮತ್ತೆ ಒತ್ತು,
ನಾಡಿ ಹಿಡಿದ ಹಾಗೇ ಎಣಿಸಿದೆ.

ರಾತ್ರಿ ವಾರ್ಡಿನಲ್ಲಿ
ಹುಡುಗನೊಬ್ಬನ ಹುಬ್ಬಿಗೆ ಏಳು ಹೊಲಿಗೆ.
ದಾರ ಎಳೆದಾಗೆಲ್ಲ
ಇದೇ ಕೊನೇದಾ ಸಿಸ್ಟರ್?
ಆರು ಸುಳ್ಳು, ಒಂದು ನಿಜ.

ಇಲ್ಲಿ ಸೂಜಿಯಿಲ್ಲ, ಯಾರೂ ಏನೂ ಕೇಳಲ್ಲ.
ಕ್ಲಿಪ್ಪಿನ ಬಳೆ ಕಚ್ಚಿಸಿ
ಸ್ಪ್ರಿಂಗ್ ಸರಳು ತಿರುಗಿಸಿ
ಕಿಟಕಿಯ ಚೌಕಟ್ಟಿಗೆ ಬಿಗಿದೆ.
ಬಂತು ಕತ್ತಲು, ಮಣ್ಣಿನ ಬಣ್ಣದ್ದು.

ಮಲಗಿದ ಮೇಲೆ ಕಂಡಿತು:
ಎಡಮೂಲೆ ಬಿಟ್ಟುಕೊಂಡು
ಮೆಟ್ರೊ ಹೋದಾಗೆಲ್ಲ ತುಸು ಏಳುತ್ತಿದೆ,
ಹುಬ್ಬಿನ ಹಾಗೆ.
ಗಾಯಕ್ಕೆ ಹಚ್ಚುವ ಟೇಪು ಬ್ಯಾಗಿನಲ್ಲೇ ಇದೆ.
ಎದ್ದರೆ ನಿದ್ದೆ ಹೋಗುತ್ತೆ.