ನೀರುಳ್ಳಿ ಲೆಕ್ಕ

ಬಂದರಿನ ಹಮ್ಮಬ್ಬರ ಮಂಡಿಯಲ್ಲಿ
ತಕ್ಕಡಿಗೆ ನೀರುಳ್ಳಿ ಸುರಿಯುವಾಗ
ಬಾಯಿತಪ್ಪಿ ಹೇಳಿಬಿಟ್ಟೆ:
"ಗೊತ್ತುಂಟಾ, ಇದರ ಒಂದೊಂದು ಜೀವಕೋಶದಲ್ಲೂ
ನಮ್ಮ ಐದು ಪಟ್ಟು ಬರಹ."
ಅವರು ಮುಳ್ಳು ನೋಡುತ್ತಲೇ ಅಂದರು:
"ಬರೆದದ್ದಕ್ಕೆಲ್ಲ ಅರ್ಥ ಇರಬೇಕೂಂತ ಉಂಟಾ ಡಾಕ್ಟ್ರಮ್ಮ?
ಸಿಪ್ಪೆಗೂ ತೂಕ ಉಂಟು."

ನಾನು ಡಾಕ್ಟರಲ್ಲ. ದೇರಳಕಟ್ಟೆಯ ಲ್ಯಾಬಿನಲ್ಲಿ
ಎಂಜಲು, ರಕ್ತ, ಕೂದಲ ಬುಡ ಸೋಸಿ
ನಾಲ್ಕೇ ಅಕ್ಷರದ ಭಾಷೆ ಓದುವವಳು.
ಮುನ್ನೂರು ಕೋಟಿ ಅಕ್ಷರ;
ಪ್ರೋಟೀನಿನ ಪಾಕ ಹೇಳುವುದು
ನೂರಕ್ಕೆ ಎರಡೂ ಇಲ್ಲ.
ಉಳಿದದ್ದನ್ನು ಕಸ ಎಂದು ಕರೆದು
ಕೈ ತೊಳೆದುಕೊಂಡಿತ್ತು ನಮ್ಮ ಕಾಲೇಜಿನ ಪಠ್ಯ.

ಧಕ್ಕೆಯಲ್ಲಿ ಬಲೆಯಿಂದ
ಊದುಮೀನು ಹೆಕ್ಕಿ ಹೆಕ್ಕಿ ಎಸೆಯುತ್ತಾರೆ.
ವಿಷ. ಕಾಗೆ ಕೂಡ ಸುತ್ತು ಬಂದು ಹೋಗುತ್ತದೆ.
ತಮಾಷೆ ನೋಡಿ,
ಒಳಗಿನ ಕಸವನ್ನೆಲ್ಲ ಗುಡಿಸಿ
ನಮ್ಮ ಎಂಟನೇ ಒಂದು ಪಾಲಿನಲ್ಲಿ
ಸಂಸಾರ ಮುಗಿಸಿದ ಮೀನು ಅದು.
ಎಂಥ ಚೊಕ್ಕ ಬರಹ!
ರಾಶಿಯ ಮೇಲೆ ಹೊಟ್ಟೆ ಉಬ್ಬಿಸಿ
ಆಕಾಶ ನೋಡುತ್ತ ಬಿದ್ದಿದೆ.

ಅಲ್ಲೇ ವಾರಿಜಕ್ಕನ ಬುಟ್ಟಿ.
ಎಡಗೈಯಲ್ಲಿ ಹೆಬ್ಬೆರಳಿಗೆ ಅಂಟಿ ಇನ್ನೊಂದು ಬೆರಳು.
ಬಂಗುಡೆ ಎಣಿಸುವಾಗ ಅದನ್ನು ಮಡಚಿಡುತ್ತಾಳೆ,
ಲೆಕ್ಕ ತಪ್ಪದ ಹಾಗೆ.
ಮೊಮ್ಮಗು ಹುಟ್ಟಿದಾಗ ಅವಳು
ಮುಖಕ್ಕೂ ಮೊದಲು ಬಿಡಿಸಿ ನೋಡಿದ್ದು ಮುಷ್ಟಿ.

ಬೆರಳು ಬರೆಯುವ ಸಾಲನ್ನೆಲ್ಲ ಜಾಲಾಡಿದೆ.
ಒಂದೂ ತಪ್ಪಿಲ್ಲ.
ತಪ್ಪಿದ್ದು ಹತ್ತು ಲಕ್ಷ ಅಕ್ಷರದಾಚೆ,
ಬೇರೆ ಯಾರದೋ ಹಿತ್ತಿಲಲ್ಲಿ,
ಖಾಲಿ ಜಾಗವೆಂದು ಎಲ್ಲರೂ ದಾಟಿ ಹೋಗುವಲ್ಲಿ
ಒಂದೇ ಒಂದು.
ಉಳ್ಳಾಲದಲ್ಲಿ ಸ್ವಿಚ್ಚು ಒತ್ತಿದರೆ
ಪಣಂಬೂರಿನಲ್ಲಿ ದೀಪ ಹತ್ತಿದ ಹಾಗೆ.

ಅಷ್ಟಕ್ಕೇ ಖಾಲಿಯೆಲ್ಲ ಬಂಗಾರವಲ್ಲ ಮಾರಾಯ್ರೆ.
ಸಿಟಿ ಬಸ್ಸಿಗೆ ಟಿಕೆಟಿಲ್ಲದೆ ಹತ್ತಿ
ತಲೆಮಾರುಗಟ್ಟಲೆ ಇಳಿಯದೆ ಕೂತವು ಎಷ್ಟೋ;
ಎಂದೋ ಸತ್ತ ವೈರಸ್ಸಿನ ಮಾಸಿದ ಸಹಿ;
ತೊದಲಿದ್ದನ್ನೇ ತೊದಲುವ ತುದಿಗಳು
(ಅವು ಸವೆದ ದಿನ ಕೋಶ ಒಡೆಯುವುದನ್ನೇ ನಿಲ್ಲಿಸುತ್ತದೆ,
ಅಲ್ಲಿಗೆ ತೊದಲಿಗೂ ಒಂದು ಕೆಲಸವಾಯಿತು).
ಆದರೆ ನೀರುಳ್ಳಿಗೆ ಅಷ್ಟೊಂದು ಯಾಕೆ?
ಅದು ಬರೆಯುವ ಯಾವ ಬೆರಳಿಗೆ?

"ಕಂಡಿತಾ ಎಲ್ಲಿ ತಪ್ಪೂಂತ?" ಕೇಳಿದಳು ವಾರಿಜಕ್ಕ.
ಕಂಡಿತು ಅಂದೆ.
"ತಪ್ಪೋ, ಹೆಚ್ಚೋ?" ಎನ್ನುತ್ತ
ಆ ಬೆರಳಿನ ಸಂದಿಯಿಂದ
ಒದ್ದೆ ಹತ್ತರ ನೋಟೊಂದನ್ನು ಎಳೆದು
ಚಿಲ್ಲರೆ ಕೊಟ್ಟಳು.

ವರದಿಯ ಕೊನೆಯ ಕಾಲಂ: ಕೆಲಸ.
ಖಾಲಿ ಸಾಲುಗಳೆದುರು "ಇಲ್ಲ" ಎಂದು ಬರೆದವಳು
ಹೊಡೆದು ಹಾಕಿ
"ತಿಳಿದಿಲ್ಲ" ಎಂದು ತಿದ್ದಿದೆ.
ಎರಡಕ್ಷರ ಹೆಚ್ಚಾಯಿತು.
ಇರಲಿ.